ಡೊಂಕಣ್ಣ ಮುಟ್ಟದ ಕಾರು

ಹೆತ್ತವರು ಇಟ್ಟ ಹೆಸರು ಈಗ ಯಾರಿಗೂ ನೆನಪಿಲ್ಲ. ಪೆಟ್ಟು ತಿಂದ ಕಾರುಗಳ ತಗಡನ್ನು ನೆಟ್ಟಗೆ ಮಾಡುವವನಾದ್ದರಿಂದ ಊರಿಗೆಲ್ಲ ಅವನು ಡೊಂಕಣ್ಣ. ಬಾಳೆಹಣ್ಣು ಕೊಟ್ಟರೂ ತಟ್ಟಿ ನೆಟ್ಟಗೆ ಮಾಡಿಯಾನು ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ತಮಾಷೆ ಮಾಡುತ್ತಾನೆ. ವರ್ಷಗಟ್ಟಲೆ ತಗಡು ಬಡಿದು ಅವನಿಗೆ ಒಂದು ಕಿವಿ ಮಂದವಾಗಿದೆ, ಬಲಭುಜ ಬೆಳಗಾಗುತ್ತಲೇ ಹಠ ಹಿಡಿಯುತ್ತದೆ. ಆದರೂ ಅವನು ರಿಪೇರಿ ಮಾಡಿದ ಕಾರಿನಲ್ಲಿ ಪೆಟ್ಟು ಎಲ್ಲಿತ್ತೆಂದು ಯಜಮಾನನೇ ಹುಡುಕಬೇಕು. ಆ ಕೈಗುಣವೇ ಕೊನೆಗೆ ಮುಳುವಾಯಿತು.

ಹೋದ ವರ್ಷ ಅಕ್ಕನ ಮಗ, ಇನ್ನೂ ಮೀಸೆ ಸರಿಯಾಗಿ ಚಿಗುರದವನು, ಗೆಳೆಯರ ಜೊತೆ ಕುಡಿದು ಅಪ್ಪನ ಕಾರನ್ನು ಕಂಬಕ್ಕೆ ಗುದ್ದಿದ್ದ. ಭಾವ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅವರಿಗೆ ಗೊತ್ತಾದರೆ ಮನೆ ರಣರಂಗವಾಗುತ್ತದೆ, ಹೇಗಾದರೂ ಸರಿ ಮಾಡಿಕೊಡು ಎಂದು ಅಕ್ಕ ಗೋಗರೆದಳು. ಡೊಂಕಣ್ಣ ಕರಗಿದ. ಹುಡುಗನಿಗೆ ನಾಲ್ಕು ಮಾತು ಬಯ್ಯಬೇಕೆಂದುಕೊಂಡ, ಸುಸ್ತಾಗಿತ್ತು, ಬಯ್ಯಲಿಲ್ಲ. ತಟ್ಟಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದುಕೊಟ್ಟ. ಭಾವನಿಗೆ ಸುಳಿವೂ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯಲು ಬಂದರೆ ಅದೇ ಕಾರು ನಿಂತಿತ್ತು. ಒಳಗೆ ಮುದುರಿ ಕೂತಿದ್ದ ಹುಡುಗನ ಬಾಯಿಂದ ಹೆಂಡದ ವಾಸನೆ ಇನ್ನೂ ಹೋಗಿರಲಿಲ್ಲ. ನಸುಕಿನಲ್ಲಿ ಗೆಳೆಯನ ಮನೆಯಿಂದ ಬರುವಾಗ ಶಾಲೆಯ ತಿರುವಿನಲ್ಲಿ ಗೋಡೆಗೆ ತಾಗಿತೆಂದ. ಡೊಂಕಣ್ಣ ನಿಟ್ಟುಸಿರು ಬಿಟ್ಟು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಸುತ್ತಿಗೆ ಹಿಡಿಯುವ ಮೊದಲು ಕಣ್ಣು ಮುಚ್ಚಿ ಪೆಟ್ಟಿನ ಮೇಲೆ ಅಂಗೈ ಆಡಿಸುವುದು ಅವನ ಅಭ್ಯಾಸ. ಬೆರಳಿಗೆ ಮೆತ್ತಗಿನದೇನೋ ತೊಡರಿತು. ಒಡೆದ ದೀಪದ ಸಂದಿಯಲ್ಲಿ ಸೈಕಲ್ ಹಿಡಿಕೆಯ ರಬ್ಬರು ಸಿಕ್ಕಿಕೊಂಡಿತ್ತು. ಅವನು ಹುಡುಗನತ್ತ ತಿರುಗಿದ.

"ಗೋಡೆ ಸೈಕಲ್ ಮೇಲೆ ಬರ್ತಿತ್ತೇನೋ?"

ಹುಡುಗ ನೆಲ ನೋಡಿದ. "ನಾನು ತಿರುಗಿ ನೋಡ್ಲಿಲ್ಲ ಮಾಮ."

ಅಷ್ಟರಲ್ಲಿ ಅಕ್ಕನ ಫೋನು ಬಂತು. ಗೋಡೆಯ ಕಥೆಯನ್ನು ಅವಳೂ ನಂಬಿದ್ದಳು. ಭಾವ ಸಂಜೆ ಬರುತ್ತಾರೆ, ಅಷ್ಟರೊಳಗೆ ಮುಗಿಯುತ್ತದಾ ಎಂದಳು.

"ಇದನ್ನ ನಾನು ಮುಟ್ಟಲ್ಲ ಅಕ್ಕ. ನಿನ್ನ ಮಗ ಯಾರಿಗೋ ಗುದ್ದಿ ಬಂದಿದ್ದಾನೆ. ಅವನನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದೀನಿ. ಭಾವನಿಗೆ ಈಗ್ಲೇ ಹೇಳು."

ಅವಳ ಅಳು ಮಂದ ಕಿವಿಗೂ ಕೇಳಿಸಿತು. ಡೊಂಕಣ್ಣ ಹುಡುಗನನ್ನು ಪಕ್ಕಕ್ಕೆ ಸರಿಸಿ ತಾನೇ ಕಾರು ಹೊರಡಿಸಿದ.

"ಹೋದ ಸಲ ಸರಿ ಮಾಡ್ಕೊಟ್ಟಿದ್ಯಲ್ಲ ಮಾಮ," ಎಂದ ಹುಡುಗ. ಅದರಲ್ಲಿ ದೂರು ಇರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ತಿರುವಿನಲ್ಲಿ ಜನ ಸೇರಿದ್ದರು, ಒಬ್ಬ ಪೊಲೀಸಿನವನೂ ಇದ್ದ. ಸೈಕಲ್ಲನ್ನು ಯಾರೋ ಗೋಡೆಗೆ ಒರಗಿಸಿದ್ದರು. ಪೆಟ್ಟು ತಿಂದವನು ಮನೆಮನೆಗೆ ಪೇಪರ್ ಹಾಕುವ ಮುದುಕ. ಬೆಳಕು ಹರಿಯುವವರೆಗೂ ಅವನನ್ನು ಯಾರೂ ನೋಡಿರಲಿಲ್ಲ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಉಸಿರು ನಿಂತಿತಂತೆ. "ಗುದ್ದಿದವನು ನಿಲ್ಲಿಸಿದ್ರೆ ಉಳೀತಿದ್ದ," ಎಂದಳು ರಸ್ತೆ ಗುಡಿಸುವವಳು.

ಡೊಂಕಣ್ಣ ಹುಡುಗನ ತೋಳು ಹಿಡಿದು ಇಳಿಸಿ ಪೊಲೀಸಿನವನ ಮುಂದೆ ನಿಲ್ಲಿಸಿದ.

"ಇವನೇ ಸಾರ್," ಎಂದ. ಆಮೇಲೆ ಹುಡುಗನ ಕೈ ಬಿಡದೆ, "ನಾನೂ," ಎಂದ.