ಗಾದಿಯೊಳಗಿನ ನಕ್ಷತ್ರಗಳು

ಮಿಶ್ರಿಕೋಟಿಯ ಪಿಂಜಾರ ಬಾಬಾಸಾಬ ಹತ್ತಿ ಹಿಂಜಿ ಹೊಲಿದ ಗಾದಿಯ ಮೇಲೆ ಮಲಗಿದವರನ್ನು ಎಬ್ಬಿಸಲು ಮೂರು ಊರಿನ ಕೋಳಿಗಳು ಕೂಡಿ ಕೂಗಬೇಕಿತ್ತು. ನಲವತ್ತು ವರ್ಷದಲ್ಲಿ ಒಂದೂ ಗಂಟು ಬಿಟ್ಟವನಲ್ಲ. ಆದರೆ ಮಹಾದೇವಕ್ಕನ ಎರಡು ಹಳೆಯ ಗಾದಿಗಳನ್ನು ಕೂಡಿಸಿ ಒಂದು ಮಾಡಿಕೊಟ್ಟ ಮರುದಿನವೇ ಆಕೆ ಅದನ್ನು ಹೊರಿಸಿಕೊಂಡು ವಾಪಸ್ ಬಂದಳು.

“ಏನಪಾ ಬಾಬಾಸಾಬ, ಬರೇ ಗಂಟು!”

ಬಾಬಾಸಾಬನಿಗೆ ಮರ್ಯಾದೆ ಹೋಯಿತು ಅನ್ನಿಸಿತು. ಎಂ.ಎಸ್ಸಿ. ಓದುವ ಮೊಮ್ಮಗಳು ಜಹೀರಾ ನಕ್ಕಳು.

“ಅಜ್ಜಾ, ಎರಡು ಗ್ಯಾಲಕ್ಸಿ ಒಂದರಾಗೊಂದು ಹೊಕ್ಕಾಗೂ ಹಿಂಗ ಆಗ್ತೈತಿ. ಒಳಗಿನ ಗ್ಯಾಸ್ ಒತ್ತಿ ಗಂಟಾಗ್ತೈತಿ. ಆ ಗಂಟೇ ಹೊಸಾ ನಕ್ಷತ್ರ.”

ಬಾಬಾಸಾಬ ಎದೆಯುಬ್ಬಿಸಿದ. “ಕೇಳಿದ್ರಿಲ್ರಿ ಅಕ್ಕಾರ? ಅವು ಗಂಟಲ್ರಿ, ನಕ್ಷತ್ರ!”

“ಹಂಗಾದ್ರ ಆಕಾಶಕ್ಕ ಹಚ್ಚಪಾ. ನನ್ನ ಬೆನ್ನಿಗೆ ಹತ್ತಿ ಸಾಕು.”

ಬಾಬಾಸಾಬ ಹೊಲಿಗೆ ಬಿಚ್ಚಿ ನಕ್ಷತ್ರಗಳನ್ನು ಆರಿಸುತ್ತ ಮೊಮ್ಮಗಳತ್ತ ನೋಡಿ ಗೊಣಗಿದ:

“ಆಕಾಶ ಹಿಂಜಿದಾಂವ ಗಂಟು ಬಿಟ್ಟೂ ಪಾರಾದ ನೋಡವಾ, ಸಿಕ್ಕಾಂವ ನಾ.”