ಕಡೆಗೆ ಹೇರಿದ ರೊಟ್ಟಿ ಹಂಚು

ಸಿಂದಗಿಯಿಂದ ಮಂಗಳೂರಿಗೆ ನಮ್ಮ ಸಾಮಾನು ಸಾಗಿಸಿದ ಬಾಡಿಗೆ ಲಾರಿಯ ಡ್ರೈವರ್ ಯಾವ ಸಂಕಟಕ್ಕೂ ಒಂದೇ ಮಾತು ಹೇಳುತ್ತಿದ್ದ: "ಮೊದಲ ಉಣ್ಣೂಣ್ರಿ." ಹೇರುವಾಗ ರೊಟ್ಟಿ ಹಂಚು, ಒಲೆ, ಹಿಟ್ಟಿನ ಡಬ್ಬಿಯನ್ನು ಕಡೆಗೆ, ಬಾಗಿಲ ಬದಿಗೇ ಇಡಿಸಿದ. ಹೊತ್ತಾಗುತ್ತದೆಂದು ನಾನು ರೇಗಿದೆ. ಅವನು ಹೆಗಲ ಟವೆಲ್ಲಿನಿಂದ ಸ್ಟೇರಿಂಗ್ ಒರೆಸುತ್ತ ನಕ್ಕ. ದಾರಿಯಲ್ಲಿ ಎರಡು ಸಲ ಪಂಕ್ಚರ್ ಆಯಿತು. ಎರಡೂ ಸಲ ಜಾಕ್‌ಗಿಂತ ಮೊದಲು ಬುತ್ತಿ ಬಿಚ್ಚಿಸಿದ.

ನನ್ನ ಹೊಸ ನೌಕರಿಗಾಗಿ ಊರು ಬಿಟ್ಟು ಬಂದಿದ್ದ ಅವ್ವ, ಮಂಗಳೂರಿನ ಮನೆ ಮುಂದೆ ಲಾರಿ ನಿಂತರೂ ಇಳಿಯಲಿಲ್ಲ. "ಇದ ಗಾಡ್ಯಾಗ ಹೊಳ್ಳಿ ಊರಿಗೆ ಹೋಗ್ತೇನಿ," ಎಂದಳು.

ಡ್ರೈವರ್ ವಾದಿಸಲಿಲ್ಲ. ಮೊದಲು ಹಂಚು ಇಳಿಸಿ ಒಲೆ ಹೊತ್ತಿಸಿದ. "ಆತು ಬೇ ಯವ್ವಾ, ಕರಕೊಂಡ ಹೋಗ್ತೇನಿ. ಆದ್ರ ಹಸಿವಾಗೈತಿ, ಎರಡ ರೊಟ್ಟಿ ಬಡದ ಕೊಡು."

ಹಸಿದವರಿಗೆ ಇಲ್ಲ ಎನ್ನುವುದು ಅವ್ವನಿಗೆ ಗೊತ್ತಿಲ್ಲ. ಇಳಿದು ಬಂದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಎದುರು ಮನೆಯ ಹೆಂಗಸು ಓಡಿ ಬಂದಳು. "ಯಾವ ಊರ್ರಿ ನಿಮ್ದು? ನಾವು ಮುದ್ದೇಬಿಹಾಳದಾವ್ರು!" ನಮ್ಮ ಜಿಲ್ಲೆಯದೇ ಊರು.

ಅವನು ಉಂಡು, ಕೈ ತೊಳೆದು, ಬಾಗಿಲಲ್ಲಿ ನಿಂತ. "ನಡಿ ಬೇ, ಹೋಗೂಣು."

ಅವ್ವ ತಲೆ ಎತ್ತಲಿಲ್ಲ. "ನೀ ಹೋಗಪಾ. ಈಕಿಗೆ ಇನ್ನಾ ನಾಕ ರೊಟ್ಟಿ ಬಡೀಬೇಕು."