ಮಂಗಳ ಗ್ರಹದಲ್ಲಿ ಮೀನಿನವಳು

ಹೋದ ವಾರ ಗೇಟಿಗೆ ಬೆಳ್ಳಿ ಬಣ್ಣ ಹೊಡೆಸುತ್ತಿದ್ದೆ. ಪೇಂಟರ್ ಡಬ್ಬಿಯ ಮುಚ್ಚಳ ಎಬ್ಬಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ನನಗೆ ನಗು ತಡೆಯಲಾಗಲಿಲ್ಲ. "ಎಂತಾತು?" ಎಂದು ಅವನು ಗಾಬರಿಯಿಂದ ನೋಡಿದ. ಏನೆಂದು ಹೇಳಲಿ? ಒಂದು ಕಾಲಕ್ಕೆ ಇದೇ ಬಣ್ಣವನ್ನು ಪ್ಲಾಸ್ಟಿಕ್ ಬಕೆಟಿಗೆ ಬಳಿದು, ಕಣ್ಣಿನ ಜಾಗ ಕತ್ತರಿಸಿ, ಗೆಳೆಯನ ತಲೆಗೆ ಕವುಚಿ ಅವನನ್ನು ಮಂಗಳ ಗ್ರಹಕ್ಕೆ ಕಳಿಸಿದ್ದೆ ಎಂದರೆ ನಂಬಬೇಕಲ್ಲ. ಬಕೆಟ್ ನೆನಪಾದರೆ ಅದರ ಬೆನ್ನಿಗೇ ಪಕ್ಕದ ಮನೆಯ ಅಕ್ಕೋರು ನೆನಪಾಗುತ್ತಾರೆ…

ಹೊನ್ನಾವರದಲ್ಲಿ ನಮಗೂ ಅವರಿಗೂ ಒಂದೇ ಕಂಪೌಂಡು ಗೋಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸು ಎಂದರೆ ಅಕ್ಕೋರು. ಕೆಲಸ ಬಿಟ್ಟ ಮೇಲೂ ಬೀದಿಗೆಲ್ಲ ಅವರು ಅಕ್ಕೋರೇ ಆಗಿದ್ದರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಪಾಪ, ಒಬ್ಬರೇ ಎಂದು ಯಾರಾದರೂ ಮರುಕ ತೋರಿಸಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವರಿಗಿದ್ದ ಹುಚ್ಚು ಒಂದೇ. ಕೆಟ್ಟ ವಿಜ್ಞಾನದ ಸಿನಿಮಾಗಳು. ರಟ್ಟಿನ ರೋಬೋಟು, ದಾರಕ್ಕೆ ಕಟ್ಟಿದ ಹಾರುವ ತಟ್ಟೆ, ರಬ್ಬರ್ ಕೈಗವಸು ಹಾಕಿಕೊಂಡ ರಾಕ್ಷಸ, ಇವೆಲ್ಲ ಇರುವ, ಕೈಯಲ್ಲಿ ಕಾಸಿಲ್ಲದೆ ತೆಗೆದ ಡಬ್ಬಿಂಗ್ ಸಿನಿಮಾಗಳು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಭಟ್ಕಳದ ಪೇಟೆಗೆ ಹೋಗಿ ಸಿ.ಡಿ. ತರುತ್ತಿದ್ದರು. ಅಂಗಡಿಯವರ ಹತ್ತಿರ "ಇದ್ದದ್ದರಲ್ಲಿ ಅತಿ ಕೆಟ್ಟದ್ದು ಕೊಡಿ ಸಾಹೇಬ್ರೇ" ಎಂದು ಗಂಭೀರವಾಗಿ ಕೇಳುತ್ತಿದ್ದರಂತೆ. ಸಾಹೇಬರೂ ಕಡಿಮೆಯವರಲ್ಲ. ಯಾರೂ ಮುಟ್ಟದ ಡಿಸ್ಕುಗಳನ್ನೆಲ್ಲ ಅಕ್ಕೋರ ಪಾಲು ಎಂದು ಬೇರೆ ತೆಗೆದಿಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನೂ ನನ್ನ ಗೆಳೆಯನೂ ಅವರ ಹಾಲಿನಲ್ಲಿ ಹಾಜರ್. ಅಕ್ಕೋರು ಟಿ.ವಿ.ಯ ದನಿ ಪೂರ್ತಿ ಇಳಿಸಿ, ಪಕ್ಕದಲ್ಲೊಂದು ಕುರ್ಚಿ ಎಳೆದು ಕೂರುತ್ತಿದ್ದರು. ಆಮೇಲೆ ಶುರುವಾಗುತ್ತಿದ್ದದ್ದು ಸಿನಿಮಾ ಅಲ್ಲ, ತಾಳಮದ್ದಳೆ. ನಾಯಕನ ಮಾತೂ ಅವರದೇ, ರಾಕ್ಷಸನ ಮಾತೂ ಅವರದೇ. "ಎಲೈ ವೀರನೇ, ಗಾಳಿಯೇ ಇಲ್ಲದ ಈ ಲೋಕದಲ್ಲಿ ನಿನ್ನ ಮುಂಗುರುಳು ಹಾರಾಡುತ್ತಿರುವ ಮರ್ಮವೇನು?" ಎಂದು ರಾಕ್ಷಸನ ಬಾಯಲ್ಲಿ ಕೇಳಿಸಿ, ನಾಯಕನಾಗಿ ತಾವೇ ಉತ್ತರ ಕೊಡಲಾಗದೆ ತಡವರಿಸುತ್ತಿದ್ದರು. ನಾವು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದೆವು.

ಈ ವಿದ್ಯೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಅವರ ಅಪ್ಪಯ್ಯ ಆ ಕಾಲದ ತಾಳಮದ್ದಳೆಯ ಒಳ್ಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ನಿಲ್ಲಿಸಿದರೆ, ಕೂತಲ್ಲೇ ಕೃಷ್ಣನೋ ಕರ್ಣನೋ ಆಗಿ ವಾದಕ್ಕೆ ಇಳಿಯುವವರು. ಅಣ್ಣಂದಿರಿಗೆ ಅವರು ಹೇಳಿಕೊಟ್ಟದ್ದನ್ನು ಅಕ್ಕೋರು ಬಾಗಿಲ ಮರೆಯಲ್ಲಿ ಕೂತು ಕಲಿತಿದ್ದರು. ಆದರೆ ಆಗ ಹೆಂಗಸರಿಗೆ ಆ ಕೂಟದಲ್ಲಿ ಜಾಗವಿರಲಿಲ್ಲ. ಜೀವಮಾನವಿಡೀ ಪ್ರೇಕ್ಷಕರ ಸಾಲಿನಲ್ಲಿ ಕೂತು, ಅರ್ಥಧಾರಿ ಹೇಳದೆ ಬಿಟ್ಟ ಉತ್ತರಗಳನ್ನು ಬಾಯೊಳಗೇ ಹೇಳಿಕೊಂಡು ಮನೆಗೆ ಬಂದವರು ಅವರು.

ಒಳ್ಳೆಯ ಸಿನಿಮಾವನ್ನೇಕೆ ತರುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಅದರಲ್ಲಿ ನಮಗೆಂತ ಕೆಲಸ ತಮಾ? ಬಾಯಿ ಮುಚ್ಚಿ ಕೂತು ಎದ್ದು ಬರೂದೇಯ. ಇದರಲ್ಲಾದ್ರೆ ನಮಗೂ ಒಂಚೂರು ಜಾಗ ಇರ್ತದೆ" ಎಂದಿದ್ದರು. ಆದರೆ ನಗುವುದಕ್ಕೂ ಅವರ ಮನೆಯಲ್ಲಿ ಶಿಸ್ತಿತ್ತು. ಎಷ್ಟೇ ಕೆಟ್ಟದ್ದಿರಲಿ ಕೊನೆಯವರೆಗೆ ನೋಡಬೇಕು. ನಟನ ಮುಖ, ಮೈಬಣ್ಣ ಹಿಡಿದು ಮಾತಾಡುವ ಹಾಗಿಲ್ಲ. ಎಲ್ಲಾದರೂ ಒಂದು ದೃಶ್ಯ ಚೆನ್ನಾಗಿ ಬಂದಿದ್ದರೆ ಅಲ್ಲಿ ಅವರೇ ಮಾತು ನಿಲ್ಲಿಸಿ ಟಿ.ವಿ.ಯ ದನಿ ಏರಿಸುತ್ತಿದ್ದರು. ಆಗ ನನಗೆ ಇದರ ಅರ್ಥವಾಗಿರಲಿಲ್ಲ, ನಕ್ಕರಾಯಿತು ಎಂದುಕೊಂಡಿದ್ದೆ.

ಹೀಗೆ ಕಂಡವರ ಸಿನಿಮಾಕ್ಕೆಲ್ಲ ನಕ್ಕೂ ನಕ್ಕೂ ನನ್ನ ತಲೆ ತಿರುಗಿತು. ನಾನು ಮದುವೆ ವಿಡಿಯೋ ತೆಗೆಯುವವನು. ಕೈಯಲ್ಲಿ ಕ್ಯಾಮೆರಾ ಇದೆ, ಯಾರೆಲ್ಲಿ ತಪ್ಪುತ್ತಾರೆಂದು ಕಣ್ಣಿಗೆ ಗೊತ್ತಿದೆ. ಹಾಗಾದರೆ ಒಂದೂ ತಪ್ಪಿಲ್ಲದ ವಿಜ್ಞಾನದ ಸಿನಿಮಾ ನಾನೇ ಏಕೆ ಮಾಡಬಾರದು? ಕಥೆ ಬರೆದೆ. ಮಂಗಳ ಗ್ರಹಕ್ಕೆ ಹೋದವರೆಲ್ಲ ಸತ್ತು ಒಬ್ಬನೇ ಉಳಿದಿದ್ದಾನೆ. ಅವನು ಅಲ್ಲಿಯ ಕೊನೆಯ ಮನುಷ್ಯ. ಭಟ್ಕಳದ ಹತ್ತಿರ ಬೆಳಕೆಯ ಕಡೆ ಕಲ್ಲು ತೆಗೆದು ಬಿಟ್ಟ ಒಂದು ಚಿರೆಕಲ್ಲಿನ ಕ್ವಾರಿ ಸಿಕ್ಕಿತು. ನೆಲವೂ ಕೆಂಪು, ಗೋಡೆಯೂ ಕೆಂಪು, ಹುಲ್ಲುಕಡ್ಡಿ ಇಲ್ಲ. ಬಕೆಟ್ ತೊಟ್ಟ ಗೆಳೆಯನನ್ನು ಅದರ ನಡುವೆ ನಿಲ್ಲಿಸಿದಾಗ ನನಗೇ ಮೈ ಜುಮ್ಮೆಂದಿತು. ಒಂದಿಡೀ ವರ್ಷ ಮನೆಯ ಸಣ್ಣ ಕಂಪ್ಯೂಟರಿನಲ್ಲಿ ಕೂತು ಎಡಿಟ್ ಮಾಡಿದೆ. ಅಕ್ಕೋರಿಗೆ ಒಂದು ತುಣುಕನ್ನೂ ತೋರಿಸಲಿಲ್ಲ. ಅವರ ಬಾಯಿ ಕಟ್ಟಿಹಾಕಬೇಕೆಂಬ ಆಸೆ ನನ್ನದು.

ಹೊನ್ನಾವರದ ಒಂದು ಸಭಾಭವನದಲ್ಲಿ ಭಾನುವಾರ ಬೆಳಿಗ್ಗೆ ಪ್ರದರ್ಶನ ಇಟ್ಟುಕೊಂಡೆ. ನಾನು ಮದುವೆ ವಿಡಿಯೋ ಮಾಡಿಕೊಟ್ಟ ಮನೆಯವರೆಲ್ಲ ಬಂದಿದ್ದರು. ಹಾಲ್ ಭರ್ತಿ. ಅಕ್ಕೋರು ಇಸ್ತ್ರಿ ಮಾಡಿದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ. ಹತ್ತು ನಿಮಿಷ ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಯ ಮನುಷ್ಯ ಮೊಣಕಾಲೂರಿ, ಕೆಂಪು ಮಣ್ಣನ್ನು ಬೊಗಸೆಯಲ್ಲಿ ಎತ್ತಿ, "ಈ ಗ್ರಹದಲ್ಲಿ ನಾನೊಬ್ಬನೇ!" ಎಂದು ಕೂಗಿದ. ಅದೇ ಹೊತ್ತಿಗೆ ಅವನ ಹಿಂದೆ, ಕ್ವಾರಿಯ ಮೇಲಂಚಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತ ಮೀನಿನವಳೊಬ್ಬಳು ಎಡದಿಂದ ಬಲಕ್ಕೆ ಆರಾಮಾಗಿ ನಡೆದುಹೋದಳು. ನಡುವೆ ಒಮ್ಮೆ ನಿಂತು, ಸೊಂಟಕ್ಕೆ ಕೈಕೊಟ್ಟು, ಕೆಳಗೆ ಕೂಗುತ್ತಿರುವ ಬಕೆಟ್ಟನ್ನು ನೋಡಿ, ಮತ್ತೆ ನಡೆದಳು.

ನಮ್ಮ ಕಂಪ್ಯೂಟರಿನಲ್ಲಿ ಅವಳು ಎಳ್ಳುಕಾಳಿನಷ್ಟಿದ್ದಳು. ನಾನು ಒಮ್ಮೆಯೂ ಕಂಡವನಲ್ಲ. ದೊಡ್ಡ ಪರದೆಯ ಮೇಲೆ ಅವಳ ಸೆರಗಿನ ಅಂಚೂ ಕಾಣುತ್ತಿತ್ತು. ಹಿಂದಿನಿಂದ ಯಾರೋ "ಬಂಗಡೆ ಹ್ಯಾಂಗೇ ಇವತ್ತು?" ಎಂದು ಕೂಗಿದರು. ಅಷ್ಟೇ ಸಾಕಾಯಿತು, ಹಾಲ್ ಸಿಡಿಯಿತು. ಸಿಳ್ಳೆ, ಕೇಕೆ, ಬೆಂಚು ಬಡಿಯುವುದು. ನನ್ನ ಕಿವಿ ಸುಟ್ಟುಹೋಯಿತು. ಇನ್ನು ಈ ಊರಿನಲ್ಲಿ ಕ್ಯಾಮೆರಾ ಹಿಡಿಯುವುದು ಹಾಗಿರಲಿ, ತಲೆಯೆತ್ತಿ ನಡೆಯುವುದೂ ಆಗದ ಮಾತು ಅನಿಸಿತು. ಓಡಿಹೋಗಿ ಪ್ರೊಜೆಕ್ಟರಿನ ವೈರ್ ಕಿತ್ತೆ.

ಕಿತ್ತು ತಿರುಗಿದರೆ ಎದುರಿಗೆ ಅಕ್ಕೋರು. "ತಿರುಗಿ ಹಾಕು" ಎಂದರು. ಸಾಕು ಅಕ್ಕೋರೆ, ಮರ್ಯಾದೆ ಹೋದದ್ದು ಸಾಕು ಎಂದೆ. ನನಗೆ ಅಳು ಬಂದಿತ್ತು, ಮುಚ್ಚಿಡುವುದೇನು.

"ಇಷ್ಟು ವರ್ಷ ನನ್ನ ಮನೇಲಿ ಕೂತು ಬಿದ್ದು ಬಿದ್ದು ನಕ್ಕಿದ್ಯಲ್ಲ, ಆ ಸಿನಿಮಾ ಎಲ್ಲ ತಮ್ಮಷ್ಟಕ್ಕೆ ಹುಟ್ಟಿದ್ವಾ? ಯಾರೋ ನಿನ್ನ ಹಾಂಗೇ ಒದ್ದಾಡಿ ಮಾಡಿದ್ದಲ್ದಾ? ಅವರ್ಯಾರೂ ವೈರ್ ಕಿತ್ತಿಲ್ಲ ತಮಾ. ಹಾಕು. ಶುರುವಿಂದ ಹಾಕು. ಆ ಮೈಕ್ ಇಲ್ಲಿ ಕೊಡು."

ಅವರು ಪರದೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪಯ್ಯ ಕೂರುತ್ತಿದ್ದಂತೆಯೋ ಏನೋ, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ದನಿ ಇಳಿಸಿದೆ. ಸಿನಿಮಾ ಮೊದಲಿನಿಂದ ಶುರುವಾಯಿತು. ಅಕ್ಕೋರು ಕೊನೆಯ ಮನುಷ್ಯನಾಗಿ ಗೋಳಾಡಿದರು, ಬಕೆಟ್ಟಿನೊಳಗಿನ ಸೆಕೆಯನ್ನು ಹಳಗನ್ನಡದಂಥ ಮಾತಿನಲ್ಲಿ ವರ್ಣಿಸಿದರು. ನಗಲೆಂದು ಕಾದಿದ್ದ ಜನ ಈಗ ಕಿವಿಗೊಟ್ಟು ಕೇಳಿ ನಗುತ್ತಿದ್ದರು. ಮೀನಿನವಳು ಬಂದಳು.

"ಎಲೈ ಏಕಾಂಗಿಯೇ!" ಎಂದರು ಅಕ್ಕೋರು, ಮೀನಿನವಳಾಗಿ. "ನಾನೊಬ್ಬನೇ, ನಾನೊಬ್ಬನೇ ಎಂದು ಗ್ರಹ ನಡುಗುವಂತೆ ಅಳುತ್ತಿದ್ದೀಯಲ್ಲ. ಈ ದಾರಿಯಲ್ಲಿ ನಾನು ದಿನವೂ ಬರುತ್ತೇನೆ. ತಲೆಯೆತ್ತಿ ಒಂದು ದಿನವಾದರೂ ನೋಡಿದೆಯಾ? ಊಟವಾಯಿತೇ ಎಂದು ಕೇಳಿದೆಯಾ? ಒಂಟಿ ನೀನಲ್ಲವೋ ಮರುಳೇ, ನಿನ್ನ ಬಕೆಟ್ಟಿಗೆ ಹಿಂದುಗಡೆ ಕಣ್ಣಿಲ್ಲ!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದೆ ತೆಂಗಿನಮರ ಕಂಡಿತು, ಒಂದು ಕಡೆ ಕೈಗಡಿಯಾರ ಕಂಡಿತು, ಅಕ್ಕೋರು ಒಂದನ್ನೂ ಬಿಡಲಿಲ್ಲ. ಕೊನೆಗೆ ಸಂಜೆ ಬಿಸಿಲಿನಲ್ಲಿ ಅವನೊಬ್ಬನೇ ಗೋಡೆಗೊರಗಿ ಕೂತು, ಗಾಳಿಗೆ ಕೆಂಪು ಧೂಳು ಏಳುವ ದೃಶ್ಯ. ನಾಲ್ಕು ಸಂಜೆ ಕಾದು ತೆಗೆದದ್ದು. ಅಕ್ಕೋರು ಮೈಕ್ ಕೆಳಗಿಟ್ಟು ನನಗೆ ಕೈಸನ್ನೆ ಮಾಡಿದರು. ದನಿ ಏರಿಸಿದೆ. ನಕ್ಕು ಸುಸ್ತಾದ ಆ ಹಾಲ್ ಪೂರ್ತಿ ಸುಮ್ಮನಾಗಿ ಆ ಧೂಳನ್ನು ನೋಡಿತು. ಅವತ್ತು ನಾನು ಗೆದ್ದೆ. ಅಕ್ಕೋರು ನನಗಿಂತ ಹೆಚ್ಚು ಗೆದ್ದರು.

ಆಮೇಲೆ ಕುಮಟಾದವರು ಕರೆದರು, ಭಟ್ಕಳದವರು ಕರೆದರು. ಭಟ್ಕಳದಲ್ಲಿ ಸಿ.ಡಿ. ಅಂಗಡಿಯ ಸಾಹೇಬರು ಮುಂದಿನ ಸಾಲಿನಲ್ಲಿ ಕೂತು, ಇದು ತಮ್ಮ ಅಂಗಡಿಯ ಎಲ್ಲದಕ್ಕಿಂತ ಕೆಟ್ಟ ಸಿನಿಮಾ ಎಂದು ಬಾಯ್ತುಂಬ ಹೊಗಳಿದರು. ಸಂತೆಗುಳಿಯ ಒಂದು ಕೂಟದವರು ಅಕ್ಕೋರನ್ನು ನಿಜವಾದ ತಾಳಮದ್ದಳೆಗೇ ಕರೆಸಿದರು. ಎಪ್ಪತ್ತು ದಾಟಿದ ಮೇಲೆ, ಭಾಗವತರ ಎದುರು, ಹೆಸರು ಹಾಕಿಸಿಕೊಂಡು ಅವರು ಅರ್ಥ ಹೇಳಿದರು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು…

ಅಕ್ಕೋರು ತೀರಿಕೊಂಡು ಎರಡು ಮಳೆಗಾಲವಾಯಿತು. ಭಾನುವಾರ ಊಟವಾದ ಮೇಲೆ ಈಗಲೂ ನನ್ನ ಕಾಲು ಆ ಕಡೆ ಎಳೆಯುತ್ತದೆ. ತಡೆದುಕೊಳ್ಳುತ್ತೇನೆ. ಬೇಸರವಾಗುತ್ತದೆ, ಬಹಳವೇ ಆಗುತ್ತದೆ.

ಹೋದ ತಿಂಗಳು ಕುಮಟಾದಲ್ಲಿ ನನ್ನ ಎರಡನೇ ಸಿನಿಮಾ ತೋರಿಸಿದೆ. ಈ ಸಲ ಸಮುದ್ರದಡಿಯ ನಗರ. ಜನ ನಗಲೆಂದೇ ಬಂದಿದ್ದರು. ಐದನೇ ನಿಮಿಷಕ್ಕೆ ಮೂರನೇ ಸಾಲಿನಿಂದ ಒಬ್ಬ ಬಸ್ ಕಂಡಕ್ಟರ್ ಹೆಂಗಸು, ಪರದೆಯ ಮೇಲೆ ನೀರಿನೊಳಗೆ ಬೀಡಿ ಹಚ್ಚಿದವನನ್ನು ಹಿಡಿದುಹಾಕಿ, ಟಿಕೆಟ್ ಕೇಳುವ ಗತ್ತಿನಲ್ಲೇ ಜಾಡಿಸಿದಳು. ನಾನು ಮೈಕ್ ಒಯ್ದು ಅವಳ ಕೈಗೆ ಕೊಟ್ಟು ನೆಲದ ಮೇಲೆ ಕೂತೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಡುವೆ ಒಮ್ಮೆ, ಇಲ್ಲಿ ಅಕ್ಕೋರು ಏನೆನ್ನುತ್ತಿದ್ದರು ಎಂದು ಯೋಚಿಸಿದೆ, ಹೊಳೆಯಲಿಲ್ಲ. ಅವರ ಮಾತು ಅವರ ಜೊತೆಗೇ ಹೋಯಿತು. ಅದು ನನಗೆ ಯಾವತ್ತೂ ಬಂದ ವಿದ್ಯೆಯಲ್ಲ. ನನಗೆ ಬರುವುದು ಕೆಟ್ಟ ಸಿನಿಮಾ ಮಾಡುವುದು. ಮೂರನೆಯದರ ಕಥೆ ಬರೆಯಲು ಕೂತಿದ್ದೇನೆ.